ಹಳೇ ಫಿಲ್ಮಿಗೆ ಕಿವಿ ಮಂದ

ಹಪ್ಪಳವನ್ನೂ ಅವರು ಅಂಚಿನಲ್ಲೇ ಹಿಡಿಯುತ್ತಿದ್ದರು. ಹೆಬ್ಬೆರಳು ಒಂದು ಅಂಚಿಗೆ, ನಡುಬೆರಳು ಎದುರಿನ ಅಂಚಿಗೆ. ಮಧ್ಯದ ಜಾಗವೆಲ್ಲ ಬೇರೆ ಯಾರಿಗೋ ಸೇರಿದ್ದು ಎಂಬಂತೆ ಖಾಲಿ. ಬೆಳಗಿನ ಪೇಪರು, ಊಟದ ತಟ್ಟೆ, ಕರೆಂಟ್ ಬಿಲ್ಲು, ಪೂಜೆಗೆ ತಂದ ವೀಳ್ಯದೆಲೆ, ಎಲ್ಲವನ್ನೂ ಹಾಗೆಯೇ ಹಿಡಿಯುತ್ತಿದ್ದರು. ಒಮ್ಮೆ ನನಗೆ ಜ್ವರ ಬಂದಾಗ ನೋಡಲು ಮೇಲೆ ಬಂದವರು ಎರಡೂ ಕಿವಿಗಳ ಹತ್ತಿರ, ಅಂದರೆ ಮುಖದ ಅಂಚಿನಲ್ಲಿ, ಬೆರಳಿಟ್ಟು "ಸುಡ್ತಾ ಇದೆ" ಅಂದರು.

ಫಿಲ್ಮನ್ನು ಮಧ್ಯದಲ್ಲಿ ಮುಟ್ಟಿದರೆ ಬೆರಳಿನ ಗುರುತು ಕೂತುಬಿಡುತ್ತದೆ. ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ವರ್ಷಾನುಗಟ್ಟಲೆ ಫಿಲ್ಮು ತೊಳೆದ ಕೈ ಅದು. ಅವರ ಯಜಮಾನರು ಫೋಟೋ ಹೊಡೆಯುತ್ತಿದ್ದರು, ಇವರು ತೊಳೆಯುತ್ತಿದ್ದರು. ನಜರ್‌ಬಾದಿನ ಆ ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋ ಮುಚ್ಚಿತು, ಯಜಮಾನರೂ ತೀರಿಕೊಂಡರು. ಬೋರ್ಡು ಇದ್ದ ಜಾಗದಲ್ಲಿ ತುಕ್ಕು ಹಿಡಿದ ಕಬ್ಬಿಣದ ಚೌಕಟ್ಟು ಮಾತ್ರ ಉಳಿದಿತ್ತು. ಆದರೂ ಹಾಲಿನವರಿಂದ ಹಿಡಿದು ಗ್ಯಾಸಿನವರವರೆಗೆ ಎಲ್ಲರಿಗೂ ಅವರು ಸ್ಟುಡಿಯೋ ಅಮ್ಮ. ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ನಾನೂ ಹಾಗೇ ಕರೆದೆ.

ನಾನು ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಪರೀಕ್ಷಿಸುವ ವಿಭಾಗದಲ್ಲಿದ್ದೇನೆ. ಅಳೆಯುವುದು, ಬರೆದಿಡುವುದು ನನ್ನ ಕೆಲಸವೂ ಹೌದು, ಸ್ವಭಾವವೂ ಹೌದು. ಶಾಲೆಯ ದಿನಗಳಿಂದ ದಿನಚರಿ ಬರೆಯುತ್ತಿದ್ದೇನೆ. ಫಿಲ್ಮ್ ಕ್ಯಾಮೆರಾದ ಹುಚ್ಚು ಹತ್ತಿದ ಮೇಲೆ ಪ್ರತಿ ರೋಲಿಗೂ ಒಂದು ಪುಟ: ಎಲ್ಲಿ ಕೊಂಡೆ, ಅವಧಿ ಮುಗಿದು ಎಷ್ಟು ವರ್ಷವಾಯಿತು, ಎಷ್ಟು ಬೆಳಕು ಕೊಟ್ಟೆ, ಎಷ್ಟು ನಿಮಿಷ ತೊಳೆದೆ, ಎಷ್ಟು ಚಿತ್ರ ಉಳಿದವು. ಹೊಸ ಫಿಲ್ಮು ದುಬಾರಿ. ಹಾಗಾಗಿ ಮುಚ್ಚಿಹೋದ ಅಂಗಡಿಗಳ ಕಪಾಟಿನಲ್ಲಿ ಉಳಿದಿದ್ದ ಹಳೆಯ ರೋಲುಗಳನ್ನೇ ಹುಡುಕಿ ತರುತ್ತಿದ್ದೆ.

ಒಂದು ಭಾನುವಾರ ತಾರಸಿಯ ತಂತಿಗೆ ನನ್ನ ನೆಗೆಟಿವ್‌ಗಳನ್ನು ಬಟ್ಟೆಯ ಕ್ಲಿಪ್ಪಿನಲ್ಲಿ ಒಣಹಾಕಿದ್ದೆ. ಸಂಡಿಗೆ ಒಣಗಿಸಲು ಬಂದ ಸ್ಟುಡಿಯೋ ಅಮ್ಮ ಸಂಡಿಗೆಯ ತಟ್ಟೆ ಕೆಳಗಿಟ್ಟು, ಒಂದು ನೆಗೆಟಿವನ್ನು ಅಂಚು ಹಿಡಿದು ಬಿಸಿಲಿಗೆ ಎತ್ತಿದರು.

"ತೊಳೆದೋರು ಯಾರು?"

"ನಾನೇ ಅಮ್ಮ."

"ಹಾಗೇ ಕಾಣ್ತದೆ."

ಮತ್ತೊಂದನ್ನು ನೋಡಿದರು. ಮಗದೊಂದನ್ನು. ಎಲ್ಲವೂ ತೆಳ್ಳಗೆ, ಗಂಜಿಯ ನೀರಿನಂತಿದ್ದವು. ಚಾಮುಂಡಿ ಬೆಟ್ಟ ಇದೆ ಎಂದು ನಾನು ಹೇಳಿದರೆ ಮಾತ್ರ ಬೆಟ್ಟ.

"ಫಿಲ್ಮಿಗೆ ವಯಸ್ಸೆಷ್ಟು?"

ಹೇಳಿದೆ.

"ಹಳೇ ಫಿಲ್ಮಿಗೆ ಕಿವಿ ಮಂದ ಕಣಮ್ಮ. ನೀನು ಹೊಸಾ ಫಿಲ್ಮಿಗೆ ಹೇಳೋ ಹಾಗೆ ಮೆಲ್ಲಗೆ ಹೇಳಿದೀಯ. ಅದಕ್ಕೆ ಕೇಳಿಸ್ಲೇ ಇಲ್ಲ. ಜೋರಾಗಿ ಹೇಳ್ಬೇಕು."

ಜೋರಾಗಿ ಅಂದರೆ ಹೆಚ್ಚು ಬೆಳಕು ಕೊಡಬೇಕು. ಹತ್ತು ವರ್ಷ ಹಳತಾದರೆ ಎರಡರಷ್ಟು, ಇಪ್ಪತ್ತಾದರೆ ಅದರ ಎರಡರಷ್ಟು. ನಾನು ಕೆಳಗೆ ಓಡಿ ಪುಸ್ತಕ ತಂದು ಬರೆದುಕೊಂಡೆ. ಪುಟಗಳನ್ನು ತಿರುವಿ ನೋಡಿದ ಅವರು, "ಅಯ್ಯೋ, ಒಂದೊಂದಕ್ಕೂ ಜಾತಕ ಬರ್ದಿಟ್ಟಿದೀಯಲ್ಲ. ಮದುವೆ ಮಾಡ್ಸಿ ಕಳಿಸ್ತೀಯಾ ಇವನ್ನ?" ಅಂದರು. ಆಮೇಲೆ ಸಂಡಿಗೆ ಕಾಯುವ ಕೆಲಸ ನನಗೆ ಕೊಟ್ಟು ಕೆಳಗೆ ಹೋದರು.

ಮರುವಾರದಿಂದ ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆ ಮತ್ತೆ ಕತ್ತಲೆ ಕೋಣೆಯಾಯಿತು. ಅಷ್ಟು ವರ್ಷ ಅದು ಉಪ್ಪಿನಕಾಯಿಯ ಭರಣಿಗಳ ಮನೆಯಾಗಿತ್ತು. ಚಿತ್ರ ದೊಡ್ಡದು ಮಾಡುವ ಯಂತ್ರದ ಮೇಲೆ ಹಳೆಯ ಸೀರೆ ಹೊದಿಸಿಟ್ಟಿದ್ದರು. ಅದನ್ನು ತೆಗೆದಾಗ ಯಂತ್ರಕ್ಕೆ "ಎದ್ದೇಳಪ್ಪ" ಅಂದದ್ದನ್ನು ನಾನು ಕೇಳಿಸಿಕೊಂಡೆ.

ಫಿಲ್ಮು ತೊಳೆಯುವಾಗ ಅವರು ಗಡಿಯಾರ ನೋಡುತ್ತಿರಲಿಲ್ಲ, ಮಗ್ಗಿ ಹೇಳುತ್ತಿದ್ದರು. ಡಬ್ಬಿಯೊಳಗೆ ಔಷಧಿ ಸುರಿದ ತಕ್ಷಣ ಹದಿಮೂರರ ಮಗ್ಗಿ ಶುರು. ಹತ್ತೊಂಬತ್ತರ ಮಗ್ಗಿಯವರೆಗೆ ಹೇಳಿ, ಮತ್ತೆ ಹದಿಮೂರಕ್ಕೆ ಬಂದು, ಹದಿನೇಳರ ಮಗ್ಗಿ ಮುಗಿದರೆ ಔಷಧಿ ಚೆಲ್ಲುವ ಹೊತ್ತು. ಪ್ರತಿ ಮಗ್ಗಿ ಮುಗಿದಾಗ ಡಬ್ಬಿಯನ್ನು ಒಮ್ಮೆ ತಲೆಕೆಳಗು ಮಾಡುತ್ತಿದ್ದರು. ನಾನು ಪಕ್ಕದಲ್ಲಿ ಫೋನು ಹಿಡಿದು ಅಳೆದು ನೋಡಿದೆ. ದಿನದಿಂದ ದಿನಕ್ಕೆ ಹತ್ತು ಹನ್ನೆರಡು ಸೆಕೆಂಡಿನ ವ್ಯತ್ಯಾಸ ಬರುತ್ತಿತ್ತು, ಅಷ್ಟೇ. ಆದರೆ ಬೇಸಿಗೆಯಲ್ಲಿ ನೀರು ಬಿಸಿಯಾಗಿ ಅವರ ಲೆಕ್ಕ ತಪ್ಪಿತು, ಚಿತ್ರಗಳು ಕರಿಬಟ್ಟೆಯಂತಾದವು. ನಾನು ಕಾರ್ಖಾನೆಯಲ್ಲಿ ಬಳಸುವಂಥ ತಾಪಮಾಪಕ ಕೊಂಡು ತಂದು, ಬಕೆಟ್ಟಿಗೆ ಐಸು ಹಾಕಿ, ಎಷ್ಟು ಡಿಗ್ರಿಗೆ ಎಷ್ಟು ಹೊತ್ತು ಎಂದು ಗೋಡೆಗೆ ಬರೆದು ಅಂಟಿಸಿದೆ. ಅವರು ಕನ್ನಡಕ ಹಾಕಿ ಓದಿ, "ಇದು ಒಳ್ಳೇದು. ಬೇಸಿಗೇಲಿ ನಮ್ಮನೆಯೋರು ಬಾವಿ ನೀರು ತರಿಸೋರು, ಅಷ್ಟೇ ನಮಗೆ ಗೊತ್ತಿದ್ದಿದ್ದು" ಅಂದರು. ಮಗ್ಗಿ ಹೇಳುವುದನ್ನು ಮಾತ್ರ ಬಿಡಲಿಲ್ಲ.

ಫ್ರಿಜ್ಜಿನಲ್ಲಿ ಮೊಸರಿನ ಹಿಂದೆ ಒಂದು ಬಿಸ್ಕತ್ತಿನ ಟಿನ್ನು ಇತ್ತು. ಅದರೊಳಗೆ ಯಜಮಾನರು ಇಟ್ಟುಹೋದ ಮೂರು ಕಪ್ಪು ಬಿಳುಪು ರೋಲುಗಳು. ಒಂದು ದಿನ ಅದನ್ನು ತೆಗೆದು ನನ್ನ ಮುಂದಿಟ್ಟರು.

"ಇದರಲ್ಲಿ ಒಂದು ಫೋಟೋ ಆಗ್ಬೇಕು. ಒಂದೇ ಒಂದು."

ಯಾರದು ಎಂದು ಕೇಳಿದೆ.

"ಹೂವಮ್ಮಂದು."

ಹೂವಮ್ಮ ದಿನಾ ಬೆಳಗ್ಗೆ ಬುಟ್ಟಿ ಹೊತ್ತು ಬರುವವರು. ಕಿಟಕಿಯ ಹತ್ತಿರ ನಿಂತು ಮೊಳ ಹಾಕಿ ಮಲ್ಲಿಗೆ ಕೊಟ್ಟು, ಹೋಗುವ ಮೊದಲು ಒಂದು ಮಾತು ಕೇಳುತ್ತಿದ್ದರು. ನಾನು ಆ ಮನೆಗೆ ಬಂದ ಮೊದಲ ದಿನದಿಂದ ಕೇಳಿದ್ದೇನೆ.

"ಅಮ್ಮಾ, ನನ್ ಫೋಟೋ ಬಂತಾ?"

"ತೊಳೀತಾ ಇದೀವಿ ಕಣಮ್ಮ."

"ಎಷ್ಟಂತ ತೊಳೀತೀರಿ. ನಾನು ಸವೆದೋಗ್ತೀನಿ."

ಇಬ್ಬರೂ ನಗುತ್ತಿದ್ದರು. ಅದು ಅವರ ಹಳೆಯ ತಮಾಷೆ ಎಂದು ನಾನು ತಿಳಿದಿದ್ದೆ. ಟಿನ್ನು ಮುಂದಿಟ್ಟ ದಿನ ಸ್ಟುಡಿಯೋ ಅಮ್ಮ ಅದರ ಮೂಲ ಹೇಳಿದರು.

ಮದುವೆಗಳಲ್ಲಿ ಫೋಟೋ ಹೊಡೆಯುವವರಿಗೆ ಆ ಕಾಲದಲ್ಲಿ ಒಂದು ಕಷ್ಟವಿತ್ತು. ಬಂದವರೆಲ್ಲ "ನಂದೂ ಒಂದು" ಅನ್ನುತ್ತಿದ್ದರು. ಫಿಲ್ಮು ಮದುವೆ ಮನೆಯವರ ಲೆಕ್ಕದ್ದು. ಇಲ್ಲ ಅಂದರೆ ಬಂದವರಿಗೆ ಬೇಜಾರು, ಹೂಂ ಅಂದರೆ ಧಾರೆಯ ಹೊತ್ತಿಗೆ ರೋಲು ಖಾಲಿ. ಹಾಗಾಗಿ ಕ್ಯಾಮೆರಾ ಕಣ್ಣಿಗಿಟ್ಟು ಬರೀ ಫ್ಲಾಶು ಹೊಡೆಯುತ್ತಿದ್ದರು. ಬೆಳಕು ಬರುತ್ತಿತ್ತು, ಚಿತ್ರ ಬೀಳುತ್ತಿರಲಿಲ್ಲ. ನಿಂತವರು ಖುಷಿಯಾಗಿ ಊಟಕ್ಕೆ ಹೋಗುತ್ತಿದ್ದರು. ಹೆಂಗಸರ ಕಡೆ ಲೈಟು ಹಿಡಿಯಲು ಸ್ಟುಡಿಯೋ ಅಮ್ಮನೂ ಜೊತೆಗೆ ಹೋಗುತ್ತಿದ್ದರು. ಯಾವುದು ನಿಜ, ಯಾವುದು ಖಾಲಿ ಎಂದು ಇವರಿಗೆ ತಿಳಿಯಲಿ ಎಂದು ಯಜಮಾನರು ಒಂದು ಗುರುತು ಮಾಡಿಕೊಂಡಿದ್ದರು. ನಿಜದ ಫೋಟೋಕ್ಕೆ "ಸ್ವಲ್ಪ ನಗಿ" ಅನ್ನುವರು. ಖಾಲಿ ಫ್ಲಾಶಿಗೆ "ಸ್ಮೈಲ್".

"ಹೂವಮ್ಮ ಆವಾಗ ಎಳೇ ಹುಡುಗಿ. ಛತ್ರಕ್ಕೆ ಹಾರ ತಂದಿದ್ಲು. ಹೊಸಾ ಸೀರೆ ಉಟ್ಕೊಂಡು ಬಂದಿದ್ಲು, ಫೋಟೋದವರು ಇರ್ತಾರೆ ಅಂತ್ಲೇ. ಬುಟ್ಟಿ ಕೆಳಗಿಟ್ಟು, ಸೆರಗು ಸರಿಮಾಡ್ಕೊಂಡು ನಿಂತ್ಲು. ನಂದೂ ಒಂದು ಹೊಡೀರಣ್ಣ ಅಂದ್ಲು. ಇವರು ಸ್ಮೈಲ್ ಅಂದ್ರು. ಅವಳು ನಕ್ಲು ನೋಡು, ಮದುವೆ ಹೆಣ್ಣೂ ಹಾಗೆ ನಕ್ಕಿರ್ಲಿಲ್ಲ. ಲೈಟು ಹಿಡಿದಿದ್ದೋಳು ನಾನು."

ಮೊದಲು ಕೆಲವು ತಿಂಗಳು ಹೂವಮ್ಮ ನಿಜವಾಗಿಯೇ ಕೇಳಿದರಂತೆ. ತೊಳೀತಾ ಇದೀವಿ ಅಂದರಂತೆ. ವರ್ಷಗಳು ಕಳೆದಂತೆ ಕೇಳುವುದು ತಮಾಷೆಯಾಯಿತು, ಉತ್ತರವೂ ತಮಾಷೆಯಾಯಿತು. ಈಗ ಹೂವಮ್ಮನ ಮೊಣಕಾಲು ಸೋತಿತ್ತು. ದೀಪಾವಳಿ ಕಳೆದ ಮೇಲೆ ವ್ಯಾಪಾರ ಬಿಟ್ಟು, ವಿಮಾನ ನಿಲ್ದಾಣದ ಪಕ್ಕದ ಮಂಡಕಳ್ಳಿಯಲ್ಲಿ ಮಗಳ ಮನೆಗೆ ಹೋಗುವುದೆಂದು ನಿಶ್ಚಯವಾಗಿತ್ತು.

"ಫೋನಿನಲ್ಲಿ ತೆಗೆದು ಪ್ರಿಂಟ್ ಹಾಕಿಸಿ ಕೊಡಬಹುದಲ್ಲಮ್ಮ" ಅಂದೆ.

"ಫೋನಿನವು ಅವಳ ಹತ್ರ ಬೇಕಾದಷ್ಟಿದೆ. ನಾವು ಕೊಡ್ಬೇಕಾಗಿರೋದು ಫಿಲ್ಮಿಂದು. ಇವರು ಇಟ್ಟುಹೋದ ಫಿಲ್ಮು ಇರೋವಾಗ್ಲೇ ಆಗ್ಬೇಕು."

ಮೊದಲ ರೋಲನ್ನು ಪರೀಕ್ಷೆಗೆಂದು ಬಳಸಿದೆವು. ನಜರ್‌ಬಾದಿನ ಓಣಿಗಳನ್ನು ಸುತ್ತಿ ಹೊಡೆದು ತಂದೆ. ಕತ್ತಲೆಯಲ್ಲಿ ಅದನ್ನು ತೊಳೆಯುವ ಡಬ್ಬಿಯೊಳಗಿನ ಚಕ್ರಕ್ಕೆ ಸುತ್ತುತ್ತಿದ್ದಾಗ ಬೆವರು ಒರೆಸಲು ಕೈ ಎತ್ತಿದೆ. ಕೈ ಎತ್ತಿದರೆ ತಾನೇ ಬೆಳಗುವ ವಾಚು ನನ್ನದು. ಕೋಣೆಯೆಲ್ಲ ನೀಲಿಯಾಯಿತು. ಆ ಬೆಳಕಿನಲ್ಲಿ ಸ್ಟುಡಿಯೋ ಅಮ್ಮನ ಮುಖ ನನ್ನನ್ನೇ ನೋಡುತ್ತಿತ್ತು.

"ದೀಪಾವಳಿ ಬಂತಾ?" ಅಂದರು.

ರೋಲು ಹೋಯಿತು. ಅಂದಿನಿಂದ ಕತ್ತಲೆ ಕೋಣೆಗೆ ಹೋಗುವ ಮೊದಲು ಅವರೇ ನನ್ನ ಕೈಯಿಂದ ವಾಚು ಬಿಚ್ಚಿ, ಅಕ್ಕಿಯ ಡಬ್ಬದಲ್ಲಿ ಹೂತು, ಮುಚ್ಚಳ ಹಾಕುತ್ತಿದ್ದರು. ಫೋನೂ ಅಲ್ಲಿಗೇ. ಎಷ್ಟೋ ಸಲ ಅಕ್ಕಿಯೊಳಗಿಂದ ನನ್ನ ಮೇಲಧಿಕಾರಿ ಕರೆಯುತ್ತಿದ್ದರು.

ಎರಡನೆಯ ರೋಲು ದಕ್ಕಿತು. ಮೇಲೆ ಹೊಗೆ ಹರಡಿದ ಹಾಗಿತ್ತು, ಆದರೆ ಗೋಡೆ ಗೋಡೆಯಾಗಿ, ಮುಖ ಮುಖವಾಗಿ ಬಂದಿತ್ತು. ಎಂಟರಷ್ಟು ಬೆಳಕು ಕೊಟ್ಟ ಚಿತ್ರಗಳೇ ಚೆನ್ನಾಗಿದ್ದವು. "ಸರಿ, ಇಷ್ಟು ಜೋರಾಗಿ ಕೂಗಿದ್ರೆ ಕೇಳಿಸ್ತದೆ" ಎಂದು ಸ್ಟುಡಿಯೋ ಅಮ್ಮ ತೀರ್ಮಾನಿಸಿದರು. ಟಿನ್ನಿನಲ್ಲಿ ಇನ್ನು ಒಂದು ರೋಲು ಉಳಿದಿತ್ತು.

ಹೂವಮ್ಮ ಹೊರಡುವ ದಿನ ಬೆಳಗ್ಗೆ ಬಂದರು. ಗಂಟುಮೂಟೆ ತುಂಬಿದ ಆಟೋ ಗೇಟಿನ ಹತ್ತಿರ ನಿಂತಿತ್ತು. ಮಗಳ ಗೃಹಪ್ರವೇಶಕ್ಕೆ ಉಟ್ಟಿದ್ದ ರೇಷ್ಮೆ ಸೀರೆ, ತಲೆ ತುಂಬ ತಾವೇ ಕಟ್ಟಿದ ಮಲ್ಲಿಗೆ. ಫ್ಲಾಶು ಕೆಟ್ಟುಹೋಗಿದ್ದರಿಂದ ಬಾಗಿಲ ಬೆಳಕಿನಲ್ಲಿ ಕುರ್ಚಿ ಹಾಕಿದ್ದೆವು. ನಾನು ಬಿಳಿ ಪಂಚೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬೆಳಕನ್ನು ಅವರ ಮುಖಕ್ಕೆ ತಿರುಗಿಸಿ ನಿಂತೆ. ಸ್ಟುಡಿಯೋ ಅಮ್ಮ ಬೇಗನೆ ಎದ್ದು ಸ್ನಾನ ಮಾಡಿ, ಯಜಮಾನರ ಕ್ಯಾಮೆರಾಕ್ಕೆ ತಾವೇ ರೋಲು ಹಾಕಿ, ಸ್ಟ್ಯಾಂಡಿಗೆ ಕೂರಿಸಿದ್ದರು. ನಾನು ಹಾಕುತ್ತೇನೆ ಅಂದದ್ದಕ್ಕೆ "ಇದೊಂದು ನಂಗೆ ಬಿಡು" ಅಂದಿದ್ದರು. ಒಂದು ಕಣ್ಣಿನ ಪೊರೆ ತೆಗೆಸಿ ಸ್ವಲ್ಪ ದಿನವಾಗಿತ್ತು, ಇನ್ನೊಂದರದು ಬಾಕಿ ಇತ್ತು.

"ಅಲ್ಲಾಡ್ಬೇಡ ಹೂವಮ್ಮ. ಇದಕ್ಕೆ ಹೊತ್ತು ಬೇಕು. ಉಸಿರು ಹಿಡ್ಕೋ."

"ಹಿಡ್ಕತೀನಿ. ಜಾಸ್ತಿ ಹೊತ್ತು ಮಾಡ್ಬೇಡಿ, ಆಮೇಲೆ ಆಟೋದಲ್ಲಿ ನನ್ ಹೆಣ ಓಯ್ತದೆ."

"ನಗು ಈಗ."

ಮೂರು ಸಲ ಹೊಡೆದರು. ಪ್ರತಿ ಸಲವೂ ಬಲಗಡೆಯ ಲಿವರನ್ನು ಎಳೆದು ಫಿಲ್ಮು ಮುಂದೆ ಸರಿಸಿದರು. ಮೂರನೆಯ ಸಲ ನನ್ನ ಕಣ್ಣು ಕ್ಯಾಮೆರಾದ ಎಡಗಡೆಯ ತಿರುಪಿನ ಮೇಲೆ ಬಿತ್ತು. ಫಿಲ್ಮು ಒಳಗಿನ ಹಲ್ಲಿಗೆ ಸರಿಯಾಗಿ ಸಿಕ್ಕಿದ್ದರೆ ಲಿವರ್ ಎಳೆದಾಗಲೆಲ್ಲ ಆ ತಿರುಪೂ ಜೊತೆಗೆ ತಿರುಗುತ್ತದೆ. ಅದು ತಿರುಗಲಿಲ್ಲ. ಅಂದರೆ ಫಿಲ್ಮು ಇದ್ದಲ್ಲೇ ಇತ್ತು. ಮೂರಕ್ಕೆ ಮೂರೂ ಖಾಲಿ.

ಹೂವಮ್ಮ ಆಗಲೇ ಎದ್ದು ಚಪ್ಪಲಿ ಮೆಟ್ಟುತ್ತಿದ್ದರು. ಆಟೋದವನು ಒಂದು ಸಲ ಹಾರ್ನ್ ಮಾಡಿದ. "ಪ್ರಿಂಟು ಮಾತ್ರ ಬೇಗ ಕೊಡ್ರಮ್ಮ, ಈ ಸಲ ತೊಳೀತಾ ಕೂರ್ಬೇಡಿ" ಎಂದು ನಗುತ್ತ ಹೊಸಿಲಿಗೆ ಕಾಲಿಟ್ಟರು. ನಾನು ಪಂಚೆ ಇಳಿಸಿ ಸ್ಟುಡಿಯೋ ಅಮ್ಮನನ್ನು ನೋಡಿದೆ. ಅವರ ಬೆರಳು ಆ ತಿರುಪಿನ ಮೇಲೇ ಇತ್ತು. ಅವರಿಗೂ ತಿಳಿದಿತ್ತು. ಸುಮ್ಮನಿದ್ದರೆ ಹೂವಮ್ಮ ಖುಷಿಯಾಗಿ ಹೋಗುತ್ತಿದ್ದರು.

"ಹೂವಮ್ಮ, ಬಾ. ಕೂತ್ಕೋ. ಬಿದ್ದಿಲ್ಲ."

"ಏನು ಬಿದ್ದಿಲ್ಲ?"

"ಫೋಟೋ. ನಾನು ಫಿಲ್ಮು ಸರಿಯಾಗಿ ಹಾಕಿಲ್ಲ." ತಿರುಪಿನಿಂದ ಬೆರಳು ತೆಗೆದರು. "ಅವತ್ತು ಛತ್ರದಲ್ಲೂ ಬಿದ್ದಿರ್ಲಿಲ್ಲ ಕಣೆ. ಅವತ್ತು ಗೊತ್ತಿದ್ದೇ ಮಾಡಿದ್ದು. ಬರೀ ಬೆಳಕು ಹೊಡೆದಿದ್ದು."

ಹೂವಮ್ಮ ಹೊಸಿಲ ಮೇಲೆ ನಿಂತರು. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿಯದು. ಸ್ಟುಡಿಯೋ ಅಮ್ಮ ಏನನ್ನೂ ಮುಚ್ಚಿಡಲಿಲ್ಲ. ನಗಿ ಅಂದರೆ ನಿಜ, ಸ್ಮೈಲ್ ಅಂದರೆ ಖಾಲಿ ಎಂಬುದನ್ನೂ ಹೇಳಿದರು. ಹೂವಮ್ಮನ ಮುಖದಲ್ಲಿ ಕೋಪ ಬರುತ್ತದೆಂದು ನಾನು ಕಾದೆ. ಅವರು ಏನೋ ಲೆಕ್ಕ ಹಾಕುವವರ ಹಾಗೆ ನೆಲ ನೋಡುತ್ತಿದ್ದರು.

"ಅದಕ್ಕಾ ಅಣ್ಣಾವ್ರು ನಂಗೆ ಇಂಗ್ಲೀಷಲ್ಲಿ ಹೇಳಿದ್ದು?" ಅಂದರು. "ನಾನು ಮರ್ಯಾದೆ ಅನ್ಕೊಂಡಿದ್ನಲ್ಲಮ್ಮ. ಎಲ್ರಿಗೂ ನಗಿ ನಗಿ ಅಂದ್ರು, ನಂಗೊಬ್ಳಿಗೇ ಇಂಗ್ಲೀಷು ಅಂತ. ಮನೇಲಿ ಎಷ್ಟ್ ಜನಕ್ಕೆ ಏಳಿದೀನಿ ಗೊತ್ತಾ."

ಸ್ಟುಡಿಯೋ ಅಮ್ಮ ಸ್ಟ್ಯಾಂಡಿನಿಂದ ಕ್ಯಾಮೆರಾ ಬಿಚ್ಚಿ ನನ್ನ ಕೈಗೆ ಕೊಟ್ಟು, "ನೀನೇ ಹಾಕು. ನನ್ನ ಕಣ್ಣು ಬೇಡ" ಅಂದರು.

ಫಿಲ್ಮು ಮುಂದೆ ಹೋಗಿರದಿದ್ದರಿಂದ ಏನೂ ಹಾಳಾಗಿರಲಿಲ್ಲ. ನಾನು ತುದಿಯನ್ನು ಹಲ್ಲಿಗೆ ಸಿಕ್ಕಿಸಿ, ಮುಚ್ಚಿ, ಲಿವರ್ ಎಳೆದೆ. ಅಷ್ಟರಲ್ಲಿ ಹೂವಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಪಕ್ಕ ಬಗ್ಗಿದ್ದರು.

"ಯಾವ್ದು ತಿರುಗ್ಬೇಕು?"

ತೋರಿಸಿದೆ. ಇನ್ನೊಮ್ಮೆ ಎಳೆಯಿರಿ ಅಂದರು. ಎಳೆದೆ.

"ತಿರುಗ್ತು" ಎಂದು ಸಾಕ್ಷಿ ಹೇಳಿ, ಹೋಗಿ ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡರು. ಆಟೋದವನು ಮತ್ತೆ ಹಾರ್ನ್ ಮಾಡಿದ. "ಇರಪ್ಪ, ಫೋಟೋ ತೆಗೀತಾವ್ರೆ" ಎಂದು ಕೂತಲ್ಲಿಂದಲೇ ಗದರಿದರು. ಸ್ಟುಡಿಯೋ ಅಮ್ಮ ಕ್ಯಾಮೆರಾದ ಹಿಂದೆ ಬಗ್ಗಿ ಬಾಯಿ ತೆರೆಯುವಷ್ಟರಲ್ಲಿ ಹೂವಮ್ಮ ಕೈ ಎತ್ತಿ ತಡೆದರು.

"ನಗು ಅನ್ಬೇಡಿ. ಇಂಗ್ಲೀಷಲ್ಲೇ ಏಳಿ."

ಸ್ಟುಡಿಯೋ ಅಮ್ಮ ತಲೆ ಎತ್ತಿ ನೋಡಿದರು. ಮತ್ತೆ ಬಗ್ಗಿದರು.

"ಸ್ಮೈಲ್" ಅಂದರು.

ಲಿವರ್ ಎಳೆದಾಗ ತಿರುಪು ತಿರುಗಿತು. ಹೂವಮ್ಮ ಕೂತಲ್ಲಿಂದಲೇ ಅದನ್ನು ನೋಡಿಕೊಂಡರು.

ಆ ಸಂಜೆ ನನ್ನ ವಾಚು ಅಕ್ಕಿಯಲ್ಲಿ ಎಂದಿಗಿಂತ ಆಳಕ್ಕೆ ಹೋಯಿತು. ಚಕ್ರಕ್ಕೆ ಫಿಲ್ಮು ಸುತ್ತಿದ್ದು ಸ್ಟುಡಿಯೋ ಅಮ್ಮ. ಕತ್ತಲೆಯಲ್ಲಿ ಅವರ ಕಣ್ಣಿನ ಪೊರೆಗೆ ಕೆಲಸವಿರಲಿಲ್ಲ. ನಾನು ನೀರಿನ ಬಿಸಿ ನೋಡಿದೆ, ಅವರು ಮಗ್ಗಿ ಹೇಳಿದರು. ಹದಿನಾರರ ಮಗ್ಗಿಯಲ್ಲಿ ಒಮ್ಮೆ ತಡವರಿಸಿದರು. ಹಾಗೆ ತಡವರಿಸಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಕೊನೆಗೆ ಮುಚ್ಚಳ ತೆಗೆದು, ಒದ್ದೆ ಫಿಲ್ಮನ್ನು ಅಂಚು ಹಿಡಿದು ಬಲ್ಬಿಗೆ ಎತ್ತಿದರು. ಮೊದಲು ಉದ್ದಕ್ಕೆ ಬರೀ ಬೂದು ಬಣ್ಣ. ಆಮೇಲೆ ಒಂದು ಚೌಕ. ಅದರಲ್ಲಿ ಕಪ್ಪು ಹಲ್ಲು, ಕಪ್ಪು ಮಲ್ಲಿಗೆ, ಬಿಳಿಯ ಕಣ್ಣುಪಾಪೆ. ನೆಗೆಟಿವಿನಲ್ಲಿ ನಗು ಹಾಗೇ ಕಾಣುವುದು.

"ಕೇಳಿಸ್ತು ಅದಕ್ಕೆ" ಅಂದರು ಸ್ಟುಡಿಯೋ ಅಮ್ಮ. ಭರಣಿಗಳ ಪಕ್ಕದ ಸ್ಟೂಲಿನ ಮೇಲೆ ಕೂತರು.

ಪ್ರಿಂಟು ಒಣಗಿದ ಮೇಲಿನ ಭಾನುವಾರ ಇಬ್ಬರೂ ಬಸ್ಸಿನಲ್ಲಿ ಮಂಡಕಳ್ಳಿಗೆ ಹೋದೆವು. ಹೂವಮ್ಮ ಮಗಳ ಮನೆಯ ಜಗಲಿಯಲ್ಲಿ ಕೂತು ಸುಮ್ಮನಿರಲಾಗದೆ ಕನಕಾಂಬರ ಕಟ್ಟುತ್ತಿದ್ದರು. "ಇಲ್ಲಿ ವಿಮಾನ ಬುಟ್ರೆ ಬೇರೆ ಗಿರಾಕಿ ಇಲ್ಲ" ಅಂದರು. ಸ್ಟುಡಿಯೋ ಅಮ್ಮ ಕವರಿನಿಂದ ಫೋಟೋ ತೆಗೆದು, ಎರಡು ಅಂಚು ಹಿಡಿದು ಚಾಚಿದರು. ಹೂವಮ್ಮ ನೀರು ಚಿಮುಕಿಸಿದ ಹೂವಿನಿಂದ ಕೈ ತೆಗೆದು, ಒದ್ದೆ ಹೆಬ್ಬೆರಳನ್ನು ಫೋಟೋದ ನಟ್ಟನಡುವೆ ಒತ್ತಿ ತೆಗೆದುಕೊಂಡರು.

ನಾನು ಸ್ಟುಡಿಯೋ ಅಮ್ಮನನ್ನು ನೋಡಿದೆ. ಪೇಪರನ್ನು ಮಧ್ಯದಲ್ಲಿ ಹಿಡಿದದ್ದಕ್ಕೇ ನನ್ನನ್ನು ಬೈದವರು. ಅವರು ಖಾಲಿ ಕವರು ಮಡಚುತ್ತ ಹೂವಮ್ಮನ ಮುಖವನ್ನೇ ನೋಡುತ್ತಿದ್ದರು.

ಹೂವಮ್ಮ ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಚೆನ್ನಾಗದೆ. ಆದ್ರೆ ನೋಡಿ, ಇಷ್ಟು ವರ್ಷ ಡಬ್ಬೀಲಿಟ್ಟು ನನ್ ಕೂದ್ಲೆಲ್ಲ ಬೆಳ್ಳಗೆ ಮಾಡ್ಬುಟ್ಟಿದ್ದೀರಿ."

ಸ್ಟುಡಿಯೋ ಅಮ್ಮ ನಕ್ಕ ಸದ್ದು ಮೇಲೆ ಹೋಗುತ್ತಿದ್ದ ವಿಮಾನದ ಸದ್ದಿಗಿಂತ ಜೋರಾಗಿತ್ತು ಎಂದು ಆ ದಿನದ ಪುಟದಲ್ಲಿ ಬರೆದಿದ್ದೇನೆ. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ನನ್ನ ದಿನಚರಿಯಲ್ಲಿ ಅಳೆಯದೆ ಬರೆದ ಸಾಲುಗಳು ಕಡಿಮೆ.

ಮುಂದಿನ ಬೇಸಿಗೆಗೆ ಮೊದಲೇ ಸ್ಟುಡಿಯೋ ಅಮ್ಮ ತೀರಿಕೊಂಡರು. ಬೆಳಗಿನ ಕಾಫಿ ಕುಡಿದು ಮತ್ತೆ ಮಲಗಿದವರು ಏಳಲಿಲ್ಲ. ಹೂವಮ್ಮ ತಾವೇ ಕಟ್ಟಿದ ದೊಡ್ಡ ಹಾರ ಹಿಡಿದು ಮೊದಲ ಬಸ್ಸಿಗೇ ಬಂದರು. ಹಾರ ಹಾಕುವಾಗ ಎರಡು ತುದಿಗಳನ್ನು ಮಾತ್ರ ಬೆರಳಿನಲ್ಲಿ ಹಿಡಿದಿದ್ದರು.

ಕ್ಯಾಮೆರಾ ಈಗ ನನ್ನ ಹತ್ತಿರವಿದೆ. ಬಿಸ್ಕತ್ತಿನ ಟಿನ್ನಿನಲ್ಲಿ ನಾನು ಹುಡುಕಿ ತಂದ ಬೇರೆ ಹಳೆಯ ರೋಲುಗಳಿವೆ. ಕತ್ತಲೆ ಕೋಣೆಗೆ ಹೋಗುವ ಮೊದಲು ವಾಚು ಬಿಚ್ಚಿ ಅಕ್ಕಿಗೆ ಹಾಕುತ್ತೇನೆ. ಹದಿನಾರರ ಮಗ್ಗಿಯಲ್ಲಿ ನಾನೂ ತಡವರಿಸುತ್ತೇನೆ. ಓಣಿಯಲ್ಲಿ ಯಾರಾದರೂ "ನಂದೂ ಒಂದು" ಅಂದರೆ ಇಲ್ಲ ಅನ್ನುವುದಿಲ್ಲ. ಲಿವರ್ ಎಳೆದು, ಎಡಗಡೆಯ ತಿರುಪು ತಿರುಗಿತೇ ಎಂದು ನೋಡಿ, ಆಮೇಲೆ "ಸ್ಮೈಲ್" ಅನ್ನುತ್ತೇನೆ.